ಮೊದಲು ಚಿಕಿತ್ಸೆ, ಆಮೇಲೆ ಠಾಣೆ

‘ಹತ್ತೊಂಬತ್ತು ಅಂತ ಬರ್ಕೊಳ್ರಿ ಮೇಡಮ್ಮಾರ.’ ಹದಿನೇಳರ ಬಸುರಿ ಸೊಸೆಯನ್ನು ಆಸ್ಪತ್ರೆಗೆ ಕರೆತಂದ ಅತ್ತೆಯ ಮಾತಿದು. ಹುಡುಗಿ ಸೆರಗಿನ ಅಂಚು ಸುರುಳಿ ಸುತ್ತುತ್ತ ನೆಲ ನೋಡುತ್ತಾಳೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗೆ ಈ ಸುಳ್ಳು ಹೊಸದಲ್ಲ. ಗುಳೆ ಹೋಗುವ ಅಪ್ಪ-ಅವ್ವ ಬೆಳೆದ ಮಗಳನ್ನು ಯಾರ ಮನೆಯಲ್ಲಿ ಬಿಟ್ಟು ಹೋಗಬೇಕು? ಮದುವೆ ಮಾಡಿ ಕೈ ತೊಳೆದುಕೊಳ್ಳುತ್ತಾರೆ.

ನಿಜ ವಯಸ್ಸು ಬರೆದರೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಹಾಗೆನ್ನುತ್ತದೆ. ತಿಳಿಸದವರಿಗೆ ಆರು ತಿಂಗಳವರೆಗೆ ಜೈಲು ಆಗಬಹುದು. ಹದಿನೆಂಟು ತುಂಬದ ಹೆಂಡತಿಯ ಜೊತೆಗಿನ ದೈಹಿಕ ಸಂಬಂಧವೂ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ ಮೇಲೆ ತಾಳಿ ಕಟ್ಟಿದವನಿಗೂ ವಿನಾಯಿತಿ ಇಲ್ಲ. ತೀರ್ಪು ಸರಿಯಾದದ್ದೇ. ಆದರೆ ಕೇಸಿಗೆ ಹೆದರಿದ ಮನೆಯವರು ತಾಯಿ ಕಾರ್ಡ್ ಮಾಡಿಸುವುದನ್ನೇ ಮುಂದೂಡುತ್ತಾರೆ, ದಂಡ ತೆರುವುದು ಹುಡುಗಿಯ ಮೈ.

ಅದು ಇನ್ನೂ ಬೆಳೆಯುತ್ತಿರುವ ಮೈ. ಸೊಂಟದ ಮೂಳೆ ಪೂರ್ತಿ ಬಲಿತಿರುವುದಿಲ್ಲ, ರಕ್ತ ಮೊದಲೇ ಕಡಿಮೆ. ಹೆರಿಗೆಗೆ ಅಡ್ಡಿಯಾಗಬಹುದು, ಬಿಪಿ ಏರಿ ಫಿಟ್ಸ್ ಬರಬಹುದು, ಕೂಸು ತೂಕವಿಲ್ಲದೆ ಹುಟ್ಟಬಹುದು. ಇದನ್ನೆಲ್ಲ ಮೊದಲ ತಿಂಗಳುಗಳ ತಪಾಸಣೆಯಲ್ಲೇ ಗಮನಿಸಿ ಎಚ್ಚರ ವಹಿಸಬೇಕು. ಬಸಿರು ಬೇಡವೆಂದರೂ ಅಷ್ಟೇ: ಅಪ್ರಾಪ್ತ ವಯಸ್ಸಿನವರಿಗೆ ಕಾನೂನು ಕೊಡುವ ಗಡುವು 24 ವಾರ. ಹೊಟ್ಟೆ ಕಾಣುವವರೆಗೂ ಬಚ್ಚಿಟ್ಟವಳಿಗೆ ಆ ಬಾಗಿಲೂ ಮುಚ್ಚಿರುತ್ತದೆ.

2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಂದು ದಾರಿ ತೋರಿಸಿದೆ. ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಆಕೆಯ ಪೋಷಕರು ಕೋರಿದರೆ, ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ವೈದ್ಯರು ಆಕೆಯ ಗುರುತು ಹೇಳಬೇಕಿಲ್ಲ. ಹಾಗಾದರೆ ಹೆರಲು ಬಂದವಳು ಮಾಡಿದ ಪಾಪವೇನು? ಬಸಿರು ತೆಗೆಸುವವಳಿಗೆ ಇರುವ ಗುಟ್ಟಿನ ರಕ್ಷಣೆ ಹೆರುವವಳಿಗೆ ಇಲ್ಲ ಎಂಬುದು ಯಾವ ನ್ಯಾಯ?

ಬಿಗಿ ಸಡಿಲಿಸಿದರೆ ಬಾಲ್ಯವಿವಾಹ ಮಾಡಿಸಿದವರೂ ಅತ್ಯಾಚಾರಿಗಳೂ ಪಾರಾಗುತ್ತಾರೆ ಎನ್ನುವವರಿದ್ದಾರೆ. ಈ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. 1982ರ ದೇವದಾಸಿ ನಿಷೇಧ ಕಾಯ್ದೆ ಬಂದ ಮೇಲೂ ಹುಡುಗಿಯರಿಗೆ ಮುತ್ತು ಕಟ್ಟಿದ ಸೀಮೆ ಇದು. ಆದರೆ ‘ಹತ್ತೊಂಬತ್ತು’ ಎಂದು ಬರೆಸಿಕೊಂಡ ರಿಜಿಸ್ಟರಿನಿಂದ ಈಗ ಸಿಕ್ಕಿಬೀಳುತ್ತಿರುವವರು ಯಾರು? ಬಲಾತ್ಕಾರಕ್ಕೆ ಸಿಕ್ಕವಳು ಬಾಯಿ ಬಿಡಬೇಕಾದರೂ ಆಸ್ಪತ್ರೆಯ ಮೇಲೆ ನಂಬಿಕೆ ಬೇಕು.

ಬೆಂಗಳೂರು, ದೆಹಲಿಯ ಚರ್ಚೆಯೆಲ್ಲ ಸಮ್ಮತಿಯ ವಯಸ್ಸು ಹದಿನಾರೋ ಹದಿನೆಂಟೋ ಎಂಬುದರ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಅದನ್ನು ಮರುಚಿಂತಿಸಿ ಎಂದು ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಹೇಳಿತು. ಮರುವರ್ಷ ಕಾನೂನು ಆಯೋಗ, ವಯಸ್ಸು ಇಳಿಸುವುದು ಬೇಡ, 16ರಿಂದ 18ರವರ ಪ್ರಕರಣಗಳಲ್ಲಿ ಶಿಕ್ಷೆಯ ವಿಚಾರದಲ್ಲಿ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದಿತು. ಆದರೆ ಪ್ರಕರಣ ನ್ಯಾಯಾಧೀಶರ ಮುಂದೆ ಬರುವ ಹೊತ್ತಿಗೆ ಕೂಸು ಅಂಬೆಗಾಲಿಡುತ್ತಿರುತ್ತದೆ.

ನೆರವು ಅದಕ್ಕೂ ಮೊದಲೇ, ಆಸ್ಪತ್ರೆಯಲ್ಲೇ ಸಿಗಬೇಕು. 2014ರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿಯ ‘ಸ್ನೇಹ ಕ್ಲಿನಿಕ್’ಗಳು ಹರೆಯದವರಿಗಾಗಿಯೇ ಇವೆ. ಅಲ್ಲಿ ಬೇಕಾದದ್ದು ಇಷ್ಟೇ: ಅತ್ತೆ ಒಳಗೆ ಬಾರದ ಒಂದು ಕೋಣೆ, ವಾರವಿಡೀ ಸಿಗುವ ಆಪ್ತ ಸಮಾಲೋಚಕಿ, ಕಾಲೇಜು ಬಿಡುವ ಹೊತ್ತಿಗೆ ತೆರೆದ ಬಾಗಿಲು. ಈ ಐದೂ ತಾಲ್ಲೂಕುಗಳಲ್ಲಿ ಇಷ್ಟನ್ನು ಮಾಡಲು ವಿಜಯನಗರ ಜಿಲ್ಲಾಡಳಿತ ಯಾವ ತಿದ್ದುಪಡಿಗೂ ಕಾಯಬೇಕಿಲ್ಲ. ಗುರುತು ಮುಚ್ಚಿಡುವ ಅವಕಾಶವನ್ನು ಬಸುರಿ ತಪಾಸಣೆಗೂ ಹೆರಿಗೆಗೂ ವಿಸ್ತರಿಸಲು ಕಾಯ್ದೆ ತಿದ್ದಬೇಕು. ಅದಕ್ಕಾಗಿ ನಮ್ಮ ಸಂಸದರು ಸಂಸತ್ತಿನಲ್ಲಿ ಬಾಯಿ ತೆರೆಯಲಿ.