ಪಿನ್ ಒತ್ತಿದ್ದು ರೈತ, ಗುಂಡಿ ಇಟ್ಟಿದ್ದು ಯಾರು?

ಸೈಬರ್ ಠಾಣೆಯ ಪ್ರೆಸ್‌ನೋಟಿನ ಕೊನೆಯ ಸಾಲು ನನಗೆ ಬಾಯಿಪಾಠ. ‘ಸಾರ್ವಜನಿಕರು ಎಚ್ಚರ ವಹಿಸಬೇಕು, ಒಟಿಪಿ, ಪಿನ್ ಯಾರಿಗೂ ಹೇಳಬಾರದು.’ ಅದನ್ನು ಹಾಗೇ ಟೈಪ್ ಮಾಡಿ ಡೆಸ್ಕಿಗೆ ಎಷ್ಟು ಸಲ ಕಳಿಸಿದ್ದೇನೋ ಲೆಕ್ಕವಿಲ್ಲ. ಈಗ ನನ್ನ ತಕರಾರು ಇರುವುದೇ ಆ ಸಾಲಿನ ಮೇಲೆ.

2024ರ ಬೇಸಿಗೆ. ನಮ್ಮ ಪಕ್ಕದೂರಿನ ಕಾಕಾ ಒಬ್ಬರು ಬತ್ತಿದ ಬೋರಿನಿಂದ ಎತ್ತಿಸಿದ ಮೋಟರ್ ಮಾರಲು ಮಗನ ಕೈಯಲ್ಲಿ ಆನ್‌ಲೈನ್‌ನಲ್ಲಿ ಫೋಟೊ ಹಾಕಿಸಿದರು. ಮಿಲಿಟರಿಯವನು ಎಂದು ಹೇಳಿಕೊಂಡವನೊಬ್ಬ ಫೋನ್ ಮಾಡಿದ. ಚೌಕಾಸಿಯೇ ಇಲ್ಲ. (ಸಂಶಯ ಅಲ್ಲೇ ಬರಬೇಕಿತ್ತು ಅನ್ನಿ.) ‘ಎರಡು ಸಾವಿರ ಅಡ್ವಾನ್ಸ್ ಕಳಿಸಿದೀನಿ, ಮೊಬೈಲಿಗೆ ಬಂದಿರೋದನ್ನು ಒತ್ತಿ ಪಿನ್ ಹಾಕಿ’ ಎಂದ. ಹಾಕಿದರು. ಹಣ ಬರುವ ಬದಲು ಹೋಯಿತು. ‘ಸರ್ವರ್ ತೊಂದರೆ, ಅದನ್ನೂ ಸೇರಿಸಿ ವಾಪಸ್ ಹಾಕ್ತೀನಿ, ಇನ್ನೊಮ್ಮೆ ಒತ್ತಿ.’ ಹೀಗೆ ಆರು ಸಲ. 12 ಸಾವಿರ ರೂಪಾಯಿ.

ಕಾಕಾ ಪಿನ್ ಯಾರಿಗೂ ಹೇಳಿರಲಿಲ್ಲ. ಒಟಿಪಿ ಯಾರೂ ಕೇಳಿರಲಿಲ್ಲ. ನಾನು ವರ್ಷಗಟ್ಟಲೆ ಬರೆದ ಎಚ್ಚರಿಕೆಯನ್ನು ಚಾಚೂ ತಪ್ಪದೆ ಪಾಲಿಸಿಯೇ ಅವರು ದುಡ್ಡು ಕಳೆದುಕೊಂಡರು.

ವಂಚಕ ಬಳಸಿದ್ದು ಯಾವ ಕಳ್ಳದಾರಿಯನ್ನೂ ಅಲ್ಲ. ‘ನನಗೆ ಇಷ್ಟು ಹಣ ಕೊಡು’ ಎಂದು ಗುರುತು ಪರಿಚಯವಿಲ್ಲದವನೂ ನಿಮ್ಮ ಫೋನಿಗೆ ಕೋರಿಕೆ ಕಳಿಸಬಹುದಾದ ಸೌಲಭ್ಯ ಯುಪಿಐನಲ್ಲೇ ಇತ್ತು. ಕಲೆಕ್ಟ್ ರಿಕ್ವೆಸ್ಟ್ ಅಂತ ಅದರ ಹೆಸರು. ಹಣ ಪಡೆಯುವುದಕ್ಕೆ ಪಿನ್ ಬೇಕಿಲ್ಲ, ಕೊಡುವುದಕ್ಕೆ ಮಾತ್ರ ಬೇಕು. ಇದು ಕಾಕಾಗೆ ಗೊತ್ತಿರಲಿಲ್ಲ, ನಿಜ. ಆದರೆ ಅವರ ಫೋನಿನ ಪರದೆ ಇಂಗ್ಲಿಷಿನಲ್ಲಿತ್ತು. ‘ನಿಮ್ಮ ಖಾತೆಯಿಂದ ಹಣ ಹೋಗುತ್ತದೆ’ ಎಂಬ ಒಂದು ಸಾಲು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಇದ್ದಿದ್ದರೆ? ‘ದುಡ್ಡು ಬರಾಕತ್ತೈತಿ ಅಂದ, ಒತ್ತೀನಿ ನೋಡಪ್ಪ’ ಎಂದರು ನನಗೆ. ಮುಖ ತಗ್ಗಿಸಿಕೊಂಡೇ ಹೇಳಿದರು, ತಾವೇ ಏನೋ ಕಳವು ಮಾಡಿದವರ ಹಾಗೆ.

ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಇಂಥ ಕೋರಿಕೆಗೆ ಒಂದು ಸಲಕ್ಕೆ 2,000 ರೂಪಾಯಿಯ ಮಿತಿ ಹಾಕಿದ್ದರು. ಅಪಾಯ ಇದೆ ಅಂತ ಅವರಿಗೂ ಗೊತ್ತಿತ್ತು ಎಂದಾಯಿತಲ್ಲ! ಯುಪಿಐ ಶುರುವಾದದ್ದು 2016ರಲ್ಲಿ. ಈ ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿ ಎಂದು ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮ ಬ್ಯಾಂಕುಗಳಿಗೂ ಆ್ಯಪ್‌ಗಳಿಗೂ ಹೇಳಿತು. ಸಂತೋಷ. ಆದರೆ ಒಂಬತ್ತು ವರ್ಷ ಬೇಕಾಯಿತು. ಅಷ್ಟೂ ಕಾಲ ತಪ್ಪೆಲ್ಲ ಒತ್ತಿದವನದು ಎಂದೇ ನಾವು ಬರೆಯುತ್ತಿದ್ದೆವು.

ಬ್ಯಾಂಕಿಗೆ ಕಾಕಾನ ಜೊತೆ ನಾನೂ ಹೋಗಿದ್ದೆ. ‘ಪಿನ್ ನೀವೇ ಹಾಕಿದೀರಲ್ಲ ಯಜಮಾನ್ರೇ, ನಾವೇನ್ ಮಾಡೋಕಾಗುತ್ತೆ?’ ಎಂದರು ಮ್ಯಾನೇಜರ್. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಿಂಟ್ ತೆಗೆದು ತೋರಿಸಿದೆ. ಬ್ಯಾಂಕಿನದೂ ಗ್ರಾಹಕನದೂ ತಪ್ಪಿಲ್ಲದ ಅನಧಿಕೃತ ವಹಿವಾಟನ್ನು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನಿಗೆ ಹೊಣೆಯಿಲ್ಲ, ಹೊಣೆ ಗ್ರಾಹಕನದು ಎಂದು ಸಾಬೀತು ಮಾಡಬೇಕಾದದ್ದು ಬ್ಯಾಂಕು ಎಂದು ಅದರಲ್ಲಿದೆ. ಅವರು ‘ಅನಧಿಕೃತ’ ಎಂಬ ಪದದ ಮೇಲೆ ಬೆರಳಿಟ್ಟರು. ಪಿನ್ ಹಾಕಿದ ಮೇಲೆ ಅದು ಅಧಿಕೃತವೇ ಎಂಬುದು ಅವರ ವಾದ. ಅಕ್ಷರ ಹಿಡಿದು ನೋಡಿದರೆ ಅವರ ಮಾತಿಗೆ ಆಧಾರ ಇಲ್ಲ ಎನ್ನಲಾರೆ. ಆದರೆ ಒಂದೇ ಗಳಿಗೆಯಲ್ಲಿ ಒಬ್ಬನೇ ಹೊಸಬನಿಗೆ ಆರು ಸಲ ಎರಡೆರಡು ಸಾವಿರ ಹೋದಾಗ ಒಮ್ಮೆಯೂ ‘ನಿಲ್ಲಿ’ ಎನ್ನದ ವ್ಯವಸ್ಥೆಗೆ ಏನೂ ಹೊಣೆ ಇಲ್ಲವೇ? ನಮ್ಮೂರ ಸೊಸೈಟಿಯ ಗುಮಾಸ್ತನಾದರೂ ಮೂರನೇ ಚೀಟಿಗೆ ‘ಯಾಕ್ರೀ ಕಾಕಾ?’ ಎಂದು ಕೇಳುತ್ತಿದ್ದ.

ಆ ಬಾಗಿಲು ಮುಚ್ಚಿತು ಎಂದು ಸುಮ್ಮನಾಗುವಂತಿಲ್ಲ. ಕ್ಯುಆರ್ ಕೋಡ್ ಕಳಿಸಿ ‘ಸ್ಕ್ಯಾನ್ ಮಾಡಿ, ಹಣ ಬರುತ್ತೆ’ ಎನ್ನುವವರಿದ್ದಾರೆ. ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸುವವರಿದ್ದಾರೆ. ಹೊಸಬರಿಗೆ ಹೋಗುವ ಮೊದಲ ದೊಡ್ಡ ಮೊತ್ತ ಕೆಲವು ಗಂಟೆ ತಡೆದು ಹೋಗಲಿ. ಪರದೆ ಬೇರೆಯವರಿಗೆ ಕಾಣುತ್ತಿದ್ದರೆ ಪಿನ್ ಹಾಕುವ ಜಾಗವೇ ತೆರೆಯದಿರಲಿ. ಖಾತೆಯನ್ನು ತಕ್ಷಣ ನಿಲ್ಲಿಸುವ ಗುಂಡಿ ಮೊದಲ ಪುಟದಲ್ಲೇ, ಕನ್ನಡದಲ್ಲೇ ಇರಲಿ. ವ್ಯಾಪಾರ ನಿಧಾನವಾಗುತ್ತೆ ಅನ್ನುತ್ತಾರೆ. ಆಗಲಿ ಬಿಡಿ, ಮೋಟರ್ ಮಾರುವವನಿಗೆ ನಾಲ್ಕು ಗಂಟೆ ದೊಡ್ಡದಲ್ಲ.

ಹಣ ಹೋದ ಕೂಡಲೇ 1930ಕ್ಕೆ ಫೋನ್ ಮಾಡಿ ಎಂದು ನಾನು ಈಗಲೂ ಬರೆಯುತ್ತೇನೆ, ಬರೆಯಲೇಬೇಕು. ಅದರ ಜೊತೆ ಇನ್ನು ಮುಂದೆ ಪ್ರತಿ ವರದಿಯಲ್ಲೂ ಎರಡು ಪ್ರಶ್ನೆ ಸೇರಿಸಲಿದ್ದೇನೆ: ಪರದೆಯ ಮೇಲೆ ಆ ಹೊತ್ತಿಗೆ ಏನು ಬರೆದಿತ್ತು, ಯಾವ ಭಾಷೆಯಲ್ಲಿ? ಜಿಲ್ಲಾ ಪಂಚಾಯಿತಿ ಸಭಾಂಗಣದಲ್ಲಿ ಬ್ಯಾಂಕಿನವರ ಮುಂದಿನ ಸಭೆ ನಡೆದಾಗ, ಮೂರು ದಿನದೊಳಗೆ ಬಂದ ದೂರುಗಳೆಷ್ಟು, ಹಣ ಮರಳಿಸಿದ್ದು ಎಷ್ಟಕ್ಕೆ ಎಂದೂ ಕೇಳುತ್ತೇನೆ. ಕಾಕಾನ ಅರ್ಜಿಯ ಪ್ರತಿ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ.