ಚಿಂಚೋಳಿಯ ಕೆಂಪು ದಾರಿಗೆ ಡಾಂಬರು ಬೇಡ

ಕಲಬುರಗಿ ಜಿಲ್ಲೆ ಎಂದೊಡನೆ ಬಿಸಿಲು, ತೊಗರಿ, ಸಿಮೆಂಟು ಎನ್ನುವವರಿಗೆ ಚಿಂಚೋಳಿ ತಾಲ್ಲೂಕಿನಲ್ಲಿ ಕಾಡಿದೆ ಎಂದರೆ ನಂಬಿಕೆಯೇ ಬರುವುದಿಲ್ಲ. ಕುಂಚಾವರಂ ಗುಡ್ಡಗಳು, ಅವುಗಳ ತಗ್ಗಿನಲ್ಲಿ ನಿಂತ ಚಂದ್ರಂಪಳ್ಳಿ ಜಲಾಶಯ, ಮಳೆ ಹಿಡಿದಾಗ ಮಾತ್ರ ಮೈದುಂಬುವ ಎತ್ತಿಪೋತ ಜಲಪಾತ ಎಲ್ಲವೂ ಅಲ್ಲಿವೆ. 2011ರಲ್ಲಿ ಈ ಕಾಡಿನ 134.88 ಚದರ ಕಿ.ಮೀ. ಪ್ರದೇಶವನ್ನು ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಇಂಥ ಜಾಗವೊಂದು ಕಣ್ಣಿಗೆ ಬಿದ್ದರೆ ನಮಗೆ ಹೊಳೆಯುವ ಅಭಿವೃದ್ಧಿ ಗೊತ್ತೇ ಇದೆ: ರಸ್ತೆ ಅಗಲ ಮಾಡಿ, ಡಾಂಬರು ಸುರಿಯಿರಿ, ಅತಿಥಿಗೃಹ ಕಟ್ಟಿ, ನೀರಿದ್ದರೆ ದೋಣಿ ಬಿಡಿ. ಇದಕ್ಕಿಂತ ಅಗ್ಗದ, ಈ ನೆಲಕ್ಕೆ ಹೆಚ್ಚು ಒಪ್ಪುವ ದಾರಿಯೊಂದಿದೆ. ಶಹಾಬಾದ್, ವಾಡಿಯಿಂದ ಹೊರಟು ಚಿತ್ತಾಪುರ, ಸೇಡಂ ಹಾಯ್ದು ಚಿಂಚೋಳಿ ಮುಟ್ಟುವಂತೆ, ಈಗಾಗಲೇ ಇರುವ ಬಂಡಿ ದಾರಿ, ಹೊಲದ ದಾರಿ, ಮುರುಂ ರಸ್ತೆಗಳನ್ನೇ ಪೋಣಿಸಿ ಒಂದು ಸೈಕಲ್ ಮಾರ್ಗ ಗುರುತಿಸಬಹುದು. ಆ ದಾರಿಗಳನ್ನು ಮುರುಂ ದಾರಿಗಳಾಗಿಯೇ ಸುಸ್ಥಿತಿಯಲ್ಲಿ ಇಡಬಹುದು.

ಇಂಥ ದಾರಿಗಳಲ್ಲಿ ಸೈಕಲ್ ತುಳಿಯುವುದಕ್ಕೆ ಜಗತ್ತಿನಲ್ಲಿ ಗ್ರಾವೆಲ್ ಬೈಕಿಂಗ್ ಎಂಬ ಹೆಸರು ಬಂದಿದೆ. ರೇಸ್ ಸೈಕಲ್ಲಿನ ಬಾಗಿದ ಹ್ಯಾಂಡಲ್, ಅದಕ್ಕಿಂತ ದಪ್ಪನೆಯ ಟೈರು, ಖಡಿ ಹಾಗೂ ಮಣ್ಣಿನ ದಾರಿಯಲ್ಲಿ ದಿನವಿಡೀ ತುಳಿಯಲು ಹೇಳಿ ಮಾಡಿಸಿದ ಬಂಡಿ. ಈ ಹವ್ಯಾಸಕ್ಕೆ ದೊಡ್ಡ ಪರ್ವತಗಳೇ ಬೇಕು ಎಂಬುದು ತಪ್ಪು ಎಣಿಕೆ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಎಂಪೋರಿಯಾ ಸಣ್ಣ ಊರು. ಸುತ್ತ ಹುಲ್ಲುಗಾವಲು, ದನಕರು, ಕಲ್ಲು ತುಂಬಿದ ದಿಣ್ಣೆಗಳು. 2006ರಲ್ಲಿ ಅಲ್ಲಿ ಶುರುವಾದ 200 ಮೈಲಿಯ ಸೈಕಲ್ ರೇಸಿನಲ್ಲಿ ಮೊದಲ ವರ್ಷ ಇದ್ದವರು 34 ಮಂದಿ; ಇಂದು ಅದಕ್ಕೆ ಸಾವಿರಾರು ಜನ ಬರುತ್ತಾರೆ. ನಮಗೆ ಹೆಚ್ಚು ಪಾಠವಾಗುವುದು ಇಟಲಿಯ ಟಸ್ಕನಿ. ಅಲ್ಲಿ ಸುಣ್ಣಕಲ್ಲಿನ ಬಿಳಿ ದಾರಿಗಳು ಒಂದೊಂದಾಗಿ ಡಾಂಬರಿನಡಿ ಹೂತುಹೋಗುವುದನ್ನು ಕಂಡ ಊರಿನವರು 1997ರಲ್ಲಿ ಗಯೋಲೆ ಎಂಬ ಹಳ್ಳಿಯಿಂದ ‘ಲೆರೋಯಿಕಾ’ ಎಂಬ ಸೈಕಲ್ ಸವಾರಿ ಹೊರಡಿಸಿದರು. ದಾರಿ ಉಳಿಸುವುದೇ ಅದರ ಉದ್ದೇಶವಾಗಿತ್ತು. ಹತ್ತು ವರ್ಷದಲ್ಲಿ ಅದೇ ಬಿಳಿ ದಾರಿಗಳ ಮೇಲೆ ವೃತ್ತಿಪರರ ರೇಸ್ ಕೂಡ ಆರಂಭವಾಯಿತು. ಹೊಸದಾಗಿ ಏನನ್ನೂ ಕಟ್ಟಲಿಲ್ಲ. ಇದ್ದದ್ದು ಅಳಿಯದಂತೆ ನೋಡಿಕೊಂಡರು, ಅಷ್ಟೆ.

ಸುಣ್ಣಕಲ್ಲು ನಮ್ಮಲ್ಲೂ ಇದೆ, ಬೇಕಾದಷ್ಟಿದೆ. ಶಹಾಬಾದ್, ವಾಡಿ, ಚಿತ್ತಾಪುರದ ಸುತ್ತ ನೆಲವನ್ನು ಸ್ವಲ್ಪ ಕೆದಕಿದರೂ ಪರ್ಸಿ ಸಿಗುತ್ತದೆ. ನಾಡಿನ ಎಷ್ಟೋ ಮನೆಗಳ ನಡುಮನೆಗೆ ಹಾಸಾದ ಈ ಕಲ್ಲು ಇಲ್ಲಿ ಗೋಡೆ, ಕಟ್ಟೆ, ಹೊಲದ ಬೇಲಿ ಎಲ್ಲವೂ ಆಗಿದೆ. ಖಣಿಗಳ ಪಕ್ಕದ ದಾರಿಯಲ್ಲಿ ಬೂದು ಚೂರುಗಳು ಹಾಳೆ ಹಾಳೆಯಾಗಿ ಬಿದ್ದಿರುತ್ತವೆ; ಅವುಗಳ ಮೇಲೆ ಚಕ್ರ ಹಾಯ್ದರೆ ಹಂಚು ತುಳಿದ ಸದ್ದು. ಮುಂದೆ ಸಾಗಿದಂತೆ ಎರೆ ಹೊಲ, ಎರಡೂ ಕಡೆ ತೊಗರಿ, ಜೋಳ, ಕಡಲೆ. ಚಿಂಚೋಳಿಯ ದಿಕ್ಕಿಗೆ ಏರು ಶುರುವಾದಾಗ ಮಣ್ಣು ಕೆಂಪಾಗುತ್ತದೆ, ಮುರುಂ ಗಟ್ಟಿಯಾಗುತ್ತದೆ, ತಾಂಡಾಗಳು ಕಾಣಿಸುತ್ತವೆ, ಕುರುಚಲು ದಟ್ಟವಾಗುತ್ತಾ ಕಾಡಾಗುತ್ತದೆ. ಬೂದು, ಕಪ್ಪು, ಕೆಂಪು ಎಂದು ನೆಲ ಮೂರು ಬಣ್ಣ ಬದಲಿಸುವುದು ಕಾರಿನಲ್ಲಿ ಕುಳಿತವರ ಗಮನಕ್ಕೆ ಬರುವುದು ಕಷ್ಟ. ತುಳಿಯುವವರಿಗೆ ಅದು ಕಾಲಿನಲ್ಲೇ ತಿಳಿಯುತ್ತದೆ.

ಮಾರ್ಗ ಕಾಡಿನ ಬಾಗಿಲಲ್ಲಿ ಶುರುವಾಗದೆ ರೈಲು ನಿಲ್ದಾಣದಲ್ಲಿ ಶುರುವಾಗಬೇಕು ಎನ್ನುವುದಕ್ಕೂ ಕಾರಣವಿದೆ. ಮುಂಬೈ–ಚೆನ್ನೈ ಮಾರ್ಗದಿಂದ ಸಿಕಂದರಾಬಾದಿನ ಹಳಿ ಕವಲೊಡೆಯುವುದು ವಾಡಿಯಲ್ಲಿ. ನಿಜಾಮರ ಕಾಲದ ಆ ಹಳಿಯ ಮೇಲೆಯೇ ಚಿತ್ತಾಪುರ, ಮಳಖೇಡ ರೋಡ್, ಸೇಡಂ ನಿಲ್ದಾಣಗಳಿವೆ. ಹೈದರಾಬಾದಿನಿಂದ ಕಾರಿನ ನೆತ್ತಿಗೆ ಸೈಕಲ್ ಕಟ್ಟಿಕೊಂಡು ನೇರ ಕಾಡಿಗೆ ಬಂದು ಸಂಜೆ ಮರಳುವವರಿಂದ ಈ ಊರುಗಳಿಗೆ ಬರುವುದು ಧೂಳು ಮಾತ್ರ. ರೈಲಿಳಿದು ಮೂರು ದಿನ ತುಳಿಯುವವರು ಖಾನಾವಳಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಉಣ್ಣುತ್ತಾರೆ, ರಾತ್ರಿ ತಂಗುತ್ತಾರೆ, ಪಂಕ್ಚರ್ ಅಂಗಡಿ ಹುಡುಕುತ್ತಾರೆ. ನೋಡಲು ಏನಿದೆ ಎಂದು ಕೇಳುವಂತೆಯೂ ಇಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1986ರಲ್ಲಿ ಗುಡಿಯ ಚಾವಣಿ ಕುಸಿದಾಗ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ‘ರಾಯೋ ಅಸೋಕೋ’ ಎಂದು ಹೆಸರು ಕೊರೆದ ಅವನ ಚಿತ್ರವೇ ಇದೆ. ಕಾಗಿಣಾ ನದಿ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಮೋಘವರ್ಷ ನೃಪತುಂಗ ಆಳಿದ್ದು ಅಲ್ಲಿಂದ. ಹೀಗಿದ್ದೂ ಈ ಊರುಗಳ ನಡುವಿನ ದೊಡ್ಡ ರಸ್ತೆಯಲ್ಲಿ ಸೈಕಲ್ ಹೊಡೆಯಿರಿ ಎಂದು ಯಾರಿಗೂ ಹೇಳಲಾಗದು. ಸಿಮೆಂಟ್ ಲಾರಿಗಳ ಸಾಲಿನ ಪಕ್ಕ ಸೈಕಲ್ಲಿಗೆ ಉಳಿಯುವುದು ರಸ್ತೆಯ ಕಚ್ಚಾ ಅಂಚು. ಹೊಲದ ದಾರಿಯನ್ನೇ ಆಯ್ದುಕೊಳ್ಳಬೇಕು ಎನ್ನುವುದು ಇಲ್ಲಿ ಶೋಕಿಯಲ್ಲ, ಜೀವದ ಲೆಕ್ಕ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಹಿಂದುಳಿದ ಭಾಗವೆಂದು ಸಂವಿಧಾನದ 371(ಜೆ) ವಿಧಿಯ ಸವಲತ್ತು ಪಡೆದ ನೆಲದಲ್ಲಿ, ಒಳ್ಳೆಯ ರಸ್ತೆಗಾಗಿ ಜನ ಅರ್ಜಿ ಹಿಡಿದು ಅಲೆಯುವಾಗ, ಮಣ್ಣಿನ ದಾರಿಯೇ ಚೆಂದ ಎನ್ನುವುದು ಹೊಟ್ಟೆ ತುಂಬಿದವರ ಮಾತಲ್ಲವೇ? ಹೌದು, ತಾಂಡಾದಿಂದ ಆಸ್ಪತ್ರೆಗೆ, ಶಾಲೆಗೆ, ಬಸ್ಸಿಗೆ ಹೋಗುವ ರಸ್ತೆಯನ್ನು ಪ್ರವಾಸಿಗಳಿಗಾಗಿ ಮಣ್ಣಲ್ಲೇ ಉಳಿಸಿ ಎಂದರೆ ಅದು ಅನ್ಯಾಯವೇ. ಅಂಥ ರಸ್ತೆಗೆ ಡಾಂಬರು ಬೇಕು, ನಾಳೆಯಲ್ಲ ಇವತ್ತೇ. ಇಲ್ಲಿ ಹೇಳುತ್ತಿರುವುದು ಎರಡನೆಯ ಸಾಲಿನ ದಾರಿಗಳ ಬಗ್ಗೆ: ಹೊಲದಿಂದ ಹೊಲಕ್ಕೆ, ಹಳ್ಳದಿಂದ ದಿಣ್ಣೆಗೆ ಹೋಗುವ, ಗ್ರಾಮ ನಕಾಶೆಯಲ್ಲಿ ಚುಕ್ಕೆ ಗೆರೆಯಾಗಿರುವ ಬಂಡಿ ದಾರಿಗಳು. ಇವುಗಳಲ್ಲಿ ಎಷ್ಟೋ ಒತ್ತುವರಿಗೆ ಸಿಕ್ಕಿ ಸವೆದಿವೆ. ಬೆಳೆ ಸಾಗಿಸಲು ದಾರಿಯಿಲ್ಲದೆ ರೈತರು ತಹಶೀಲ್ದಾರರ ಕಚೇರಿಗೆ ಅಲೆಯುವುದು ಹೊಸ ಸಂಗತಿಯಲ್ಲ. ಉದ್ಯೋಗ ಖಾತ್ರಿ ಹಣದಲ್ಲಿ ಕೈಗೊಂಡ ‘ನಮ್ಮ ಹೊಲ ನಮ್ಮ ದಾರಿ’ ಕಾಮಗಾರಿ ಮಾಡಿದ್ದೂ ಮುರುಂ, ಖಡಿ ಹಾಕಿ ಚಕ್ಕಡಿ, ಟ್ರ್ಯಾಕ್ಟರ್ ಓಡಾಡುವಂತೆ ಮಾಡುವ ಕೆಲಸವನ್ನೇ. ಸೈಕಲ್ ಮಾರ್ಗಕ್ಕೆ ಬೇಕಾದ್ದೂ ಅದೇ. ಒಂದೇ ಬುಟ್ಟಿ ಮುರುಂನಲ್ಲಿ ತೊಗರಿ ಚೀಲವೂ ಮನೆ ಸೇರುತ್ತದೆ, ಸವಾರನೂ ಊರು ಸೇರುತ್ತಾನೆ.

ಲಕ್ಷ ರೂಪಾಯಿ ಸೈಕಲ್ ಇದ್ದವರ ಮೋಜಿಗೆ ಸರ್ಕಾರಿ ಹಣವೇಕೆ ಎಂಬ ಮಾತಿಗೆ ಉದ್ದದ ಉತ್ತರ ಬೇಡ. 2006–07ರಿಂದ ಎಂಟನೆಯ ತರಗತಿ ಮಕ್ಕಳಿಗೆ ಸೈಕಲ್ ಕೊಟ್ಟ ರಾಜ್ಯ ನಮ್ಮದು. ಸೈಕಲ್ ಕೊಟ್ಟೆವು, ಅದು ಲಾರಿಗೆ ಹೆದರದೆ ಓಡುವ ದಾರಿ ಕೊಡಲಿಲ್ಲ.

ಕಾಡಿನ ಪ್ರಶ್ನೆಯಲ್ಲಿ ಮಾತ್ರ ನಾವು ಹಿಂದೆ ಸರಿಯಬೇಕಾದ ಗಡಿಯಿದೆ. ಧಾಮದಲ್ಲಿ ಕೊಂಡುಕುರಿ, ಕೃಷ್ಣಮೃಗ, ತೋಳ, ಕತ್ತೆಕಿರುಬಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಧಾಮದೊಳಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ. ಸೈಕಲ್ ಸದ್ದು ಮಾಡುವುದಿಲ್ಲ, ಹೊಗೆ ಉಗುಳುವುದಿಲ್ಲ, ಆದ್ದರಿಂದ ಎಲ್ಲಿ ಬೇಕಾದರೂ ಬಿಡಬಹುದು ಎಂಬ ವಾದ ಒಪ್ಪತಕ್ಕದ್ದಲ್ಲ. ಸದ್ದಿಲ್ಲದೆ ಬಂದ ಮನುಷ್ಯ ಪ್ರಾಣಿಯನ್ನು ಇನ್ನಷ್ಟು ಬೆಚ್ಚಿಬೀಳಿಸಬಹುದು. ಹಾಗಾಗಿ ಮಾರ್ಗ ಕಾಡಿನ ಅಂಚಿನ ಹಳ್ಳಿ, ತಾಂಡಾಗಳನ್ನು ಬಳಸಿಕೊಂಡು ಹೋಗಲಿ. ಒಳಗೆ ಹೋಗುವುದಾದರೆ ಈಗಾಗಲೇ ವಾಹನ ಓಡಾಡುವ ದಾರಿಯೊಂದರಲ್ಲಿ, ಹಗಲಲ್ಲಿ, ಲೆಕ್ಕದ ಜನ, ಜೊತೆಗೆ ತಾಂಡಾದ ಯುವಕನೊಬ್ಬ ಸಂಬಳದ ಮಾರ್ಗದರ್ಶಿಯಾಗಿ. ಕಾಳ್ಗಿಚ್ಚು ಹರಡದಂತೆ ಬಯಲು ಮಾಡಿದ ಬೆಂಕಿ ರೇಖೆಗಳನ್ನು ಸವಾರಿಗೆ ತೆರೆಯುವುದು ಬೇಡ. ಈ ಕಟ್ಟುಪಾಡು ಕಿರಿಕಿರಿ ಎನ್ನುವವರು ಬರದಿದ್ದರೆ ನಷ್ಟವಿಲ್ಲ. ಅಗಲವಾದ ಡಾಂಬರು ರಸ್ತೆ ತರುವ ಕಾರು, ಬಾಟಲಿ, ಧ್ವನಿವರ್ಧಕಗಳಿಗೆ ಹೋಲಿಸಿದರೆ ದಿನಕ್ಕೆ ಹತ್ತಿಪ್ಪತ್ತು ಸೈಕಲ್ಲನ್ನು ತಡೆದು ನಿಲ್ಲಿಸುವುದು ಅರಣ್ಯ ಇಲಾಖೆಗೆ ಸುಲಭ.

ಉಳಿದದ್ದು ಹವಾಮಾನ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಸೈಕಲ್ ತುಳಿಯಲು ಯಾರನ್ನೂ ಕರೆಯಬಾರದು. ಮಳೆಗಾಲದಲ್ಲಿ ಎರೆ ಮಣ್ಣು ಬಿಡುವುದಿಲ್ಲ: ನಾಲ್ಕು ಹೆಜ್ಜೆಗೆ ಟೈರಿನ ಸುತ್ತ ರೊಟ್ಟಿ ಹಿಟ್ಟಿನಂತೆ ಮೆತ್ತಿ, ಬ್ರೇಕಿನ ಸಂದಿಯಲ್ಲಿ ತುಂಬಿ, ಚಕ್ರ ತಿರುಗದೆ ಸೈಕಲ್ಲನ್ನೇ ಹೆಗಲಿಗೇರಿಸಬೇಕಾಗುತ್ತದೆ. ನವೆಂಬರಿನಿಂದ ಫೆಬ್ರುವರಿವರೆಗಿನ ಹಂಗಾಮು ಸಾಕು. ತೊಗರಿ ಹೂ ಬಿಟ್ಟು ಕಾಯಿ ಕಟ್ಟಿ ರಾಶಿಯಾಗುವ ಕಾಲವೂ ಅದೇ. ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ಕೊರಕಲು ಬಿದ್ದಲ್ಲಿ ಮುರುಂ ತುಂಬುವ ಹೊಣೆ ಗ್ರಾಮ ಪಂಚಾಯಿತಿಯದು. ಕವಲು ದಾರಿಗಳಲ್ಲಿ ಗುರುತಿಗೆ ಕಬ್ಬಿಣದ ಫಲಕ ತರಿಸುವುದೂ ಬೇಡ. ಶಹಾಬಾದಿನ ಖಣಿಗಳಲ್ಲಿ ಅಂಚು ಮುರಿದು ಮಾರಾಟವಾಗದೆ ಉಳಿದ ಪರ್ಸಿ ಚಪ್ಪಡಿಗಳ ಗುಡ್ಡೆಯೇ ಇದೆ; ಮುಂದಿನ ಊರಿನ ಹೆಸರು, ಒಂದು ಬಾಣ ಕೆತ್ತಿ ನೆಲಕ್ಕೆ ಹೂಳಿದರೆ ಆಯಿತು.