ಕೊನೆಯ ಪುಟ ಯಾರಿಗೆ?

ಭದ್ರಾವತಿಯಿಂದ ಒಬ್ಬ ತಂದೆ ಬರೆದ ಪತ್ರ ಈ ವಾರ ನನ್ನ ಮುಂದಿದೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಅವರು ಮೈಸೂರು ಕಾಗದ ಕಾರ್ಖಾನೆಯಲ್ಲಿ ದುಡಿದವರು. ಕಾರ್ಖಾನೆಯ ಯಂತ್ರಗಳು ನಿಂತ ಮೇಲೆ ಸ್ವಯಂ ನಿವೃತ್ತಿ ತೆಗೆದುಕೊಂಡು ಈಗ ಒಂದು ಸಣ್ಣ ದಿನಸಿ ಅಂಗಡಿ ನಡೆಸುತ್ತಿದ್ದಾರೆ. ಮಗಳು ಶಿವಮೊಗ್ಗದಲ್ಲಿ ದ್ವಿತೀಯ ಪಿಯುಸಿ ಓದುತ್ತಾಳೆ. ದಿನವೂ ಬಸ್ಸಿನಲ್ಲಿ ಹೋಗಿಬರುವ ಈ ಹುಡುಗಿ ನಾಲ್ವರು ಗೆಳತಿಯರೊಡನೆ ಸೇರಿ, ತಾವು ಓದಿದ ಪುಸ್ತಕಗಳ ಬಗ್ಗೆ ತಿಂಗಳಿಗೊಮ್ಮೆ ನಾಲ್ಕು ಪುಟದ ಒಂದು ಪತ್ರಿಕೆ ತರುತ್ತಾಳೆ. ಕೈಯಲ್ಲೇ ಬರೆದು, ಜೆರಾಕ್ಸ್ ಮಾಡಿಸಿ, 200 ಪ್ರತಿ ಹಂಚುತ್ತಾರೆ. ಅದಕ್ಕೆ ಬೆಲೆ ಇಟ್ಟಿಲ್ಲ. ಖರ್ಚನ್ನು ಐವರೂ ತಮ್ಮ ಕೈಖರ್ಚಿನ ದುಡ್ಡಿನಲ್ಲಿ ಹಂಚಿಕೊಳ್ಳುತ್ತಾರೆ.

ಈಗ ಒಂದು ಕೋಚಿಂಗ್ ಸೆಂಟರಿನವರು, ಕೊನೆಯ ಪುಟದ ಅರ್ಧ ಭಾಗ ನಮ್ಮ ಜಾಹೀರಾತಿಗೆ ಕೊಡಿ, ತಿಂಗಳಿಗೆ 2,000 ರೂಪಾಯಿ ಕೊಡುತ್ತೇವೆ ಎಂದಿದ್ದಾರೆ. ಜೊತೆಗೆ, ಬರೀ ಕತೆ ಕಾದಂಬರಿ ಬೇಡ, ಪರೀಕ್ಷೆಗೆ ಉಪಯೋಗವಾಗುವ ಪುಸ್ತಕಗಳ ಬಗ್ಗೆಯೂ ಆಗಾಗ ಬರೆಯಿರಿ ಎಂದು ಒಂದು ಸಲಹೆಯನ್ನೂ ಕೊಟ್ಟಿದ್ದಾರಂತೆ. ತಂದೆಗೆ ಇದು ತಾನಾಗಿ ಬಂದ ಅವಕಾಶವಾಗಿ ಕಂಡಿದೆ. ಮಗಳು, ಜಾಹೀರಾತು ಹಾಕುವುದಾದರೆ ಪತ್ರಿಕೆಯನ್ನೇ ನಿಲ್ಲಿಸುತ್ತೇನೆ ಎನ್ನುತ್ತಾಳೆ. ಮನೆಯಲ್ಲಿ ಒಂದು ವಾರದಿಂದ ಮಾತು ಕಡಿಮೆಯಾಗಿದೆ. ಯಾರು ಸರಿ ಎಂಬುದು ಅವರ ಪ್ರಶ್ನೆ.

ಇಬ್ಬರ ಮಾತಿನಲ್ಲೂ ಸತ್ಯವಿದೆ ಎಂದು ಹೇಳಿ ಜಾರಿಕೊಳ್ಳುವುದು ಸುಲಭ. ಆದರೆ ಕೊನೆಯ ಪುಟ ಒಂದೇ ಇರುವುದು. ಅದನ್ನು ಕೊಡಬೇಕು, ಇಲ್ಲವೇ ಕೊಡಬಾರದು. ಆದ್ದರಿಂದ ಮೊದಲು ಲೆಕ್ಕ ಮಾಡೋಣ.

ಒಂದು ಪುಟದ ಜೆರಾಕ್ಸಿಗೆ ಒಂದು ರೂಪಾಯಿಯಂತೆ ಪ್ರತಿಯೊಂದಕ್ಕೆ 4 ರೂಪಾಯಿ, 200 ಪ್ರತಿಗೆ 800 ರೂಪಾಯಿ ಎಂದು ಪತ್ರದಲ್ಲೇ ಲೆಕ್ಕವಿದೆ. ಐವರಿಗೆ ಹಂಚಿದರೆ ತಲೆಗೆ 160 ರೂಪಾಯಿ. ಕೊರತೆ ಇರುವುದು 800 ರೂಪಾಯಿಯದು, ಬರುತ್ತಿರುವುದು 2,000. ಹಾಗಾದರೆ ಹೆಚ್ಚುವರಿ 1,200 ರೂಪಾಯಿ ಯಾವುದರ ಬೆಲೆ? ಕೋಚಿಂಗ್ ಸೆಂಟರಿನವರು ಧರ್ಮಕ್ಕೆ ಕೊಡುತ್ತಿಲ್ಲ. ಪಿಯುಸಿ ಓದುವ 200 ಮಕ್ಕಳ ಕೈಗೆ, ಅವರ ಮೂಲಕ 200 ಮನೆಗಳಿಗೆ ತಲುಪುವ ಹಾಳೆ ಅದು. ಅದರಿಂದ ಒಂದೇ ಒಂದು ಅಡ್ಮಿಷನ್ ಬಂದರೂ ವರ್ಷದ ಜಾಹೀರಾತಿನ ಖರ್ಚು ಹುಟ್ಟಬಹುದು. ಇದರಲ್ಲಿ ಅನ್ಯಾಯವೇನೂ ಇಲ್ಲ, ಇದು ವ್ಯಾಪಾರ. ಆದರೆ ವ್ಯಾಪಾರ ಎಂದ ಮೇಲೆ ತಾನು ಏನನ್ನು ಮಾರುತ್ತಿದ್ದೇನೆ ಎಂಬುದು ಮಾರುವವರಿಗೆ ಗೊತ್ತಿರಬೇಕು.

ಮಗಳಿಗೆ ಇಲ್ಲೊಂದು ಮಾತು ಹೇಳಬೇಕು. ಜಾಹೀರಾತು ಎಂದರೆ ಮೈಲಿಗೆಯಲ್ಲ. ಭದ್ರಾವತಿಯವರಿಗೆ ಕಾಗದದ ಬೆಲೆಯನ್ನು ನಾನು ಹೇಳಿಕೊಡಬೇಕಾಗಿಲ್ಲ. 1936ರಲ್ಲಿ ಸ್ಥಾಪನೆಯಾದ ನಿಮ್ಮೂರಿನ ಕಾರ್ಖಾನೆ 1980ರ ದಶಕದಿಂದ ಪತ್ರಿಕೆಗಳಿಗೆ ಬೇಕಾದ ಮುದ್ರಣ ಕಾಗದವನ್ನೂ ತಯಾರಿಸಿತು. ಕಾಗದ, ಶಾಯಿ, ಅಚ್ಚು, ಸಾಗಾಟ ಎಲ್ಲವನ್ನೂ ಕೂಡಿಸಿದರೆ ದಿನಪತ್ರಿಕೆಯೊಂದರ ನಿಜವಾದ ಖರ್ಚು, ಓದುಗರು ಕೊಡುವ ಬೆಲೆಗಿಂತ ಎಷ್ಟೋ ಹೆಚ್ಚು. ಆ ವ್ಯತ್ಯಾಸವನ್ನು ತುಂಬುವುದು ಜಾಹೀರಾತು. ನೀವು ಓದುತ್ತಿರುವ ಈ ಪುರವಣಿಯೂ ಅದಕ್ಕೆ ಹೊರತಲ್ಲ. ಜಾಹೀರಾತಿನಿಂದಾಗಿಯೇ ಪತ್ರಿಕೆ ಬಡವರ ಮನೆಗೂ ಬರುತ್ತದೆ.

ನಮ್ಮ ಊರುಗಳಲ್ಲಿ ಇನ್ನೊಂದು ಬಗೆಯ ಜಾಹೀರಾತೂ ಇದೆ. ಗಣಪತಿ ಉತ್ಸವದ ಸ್ಮರಣ ಸಂಚಿಕೆ, ಶಾಲೆಯ ವಾರ್ಷಿಕ ಸಂಚಿಕೆ, ನಾಟಕದ ಕರಪತ್ರ ಇವುಗಳ ಕೊನೆಯಲ್ಲಿ 'ಶುಭ ಕೋರುವವರು' ಎಂದು ಹತ್ತಾರು ಅಂಗಡಿಗಳ ಹೆಸರಿರುತ್ತದೆ. ದಿನಸಿ ಅಂಗಡಿ ಇಟ್ಟಿರುವ ಈ ತಂದೆಯೂ ಎಂದಾದರೂ ಹಾಗೆ ಕೊಟ್ಟಿರಬಹುದು. ಆ ಸಂಚಿಕೆ ನೋಡಿ ಅಂಗಡಿಗೆ ಗಿರಾಕಿ ಬರುತ್ತಾರೆಂದು ಯಾರೂ ಎಣಿಸುವುದಿಲ್ಲ. ಹುಡುಗರು ಬಂದು ಕೇಳಿದರು, ಇಲ್ಲವೆನ್ನಲು ಮನಸ್ಸಾಗಲಿಲ್ಲ, ಕೊಟ್ಟೆವು. ಅದು ಜಾಹೀರಾತಿನ ವೇಷದ ದೇಣಿಗೆ. ಕೊಟ್ಟವರು ಒಳಗಿನ ಪುಟದಲ್ಲಿ ಏನು ಬರಬೇಕೆಂದು ಹೇಳುವುದಿಲ್ಲ. ಕೋಚಿಂಗ್ ಸೆಂಟರಿನವರು ಹೇಳಿದ್ದಾರೆ. ಎರಡಕ್ಕೂ ಇರುವ ಅಂತರ ಇಷ್ಟೇ, ಆದರೆ ಇದು ಸಣ್ಣ ಅಂತರವಲ್ಲ.

ಜಾಹೀರಾತನ್ನು ಪೂರ್ತಿಯಾಗಿ ಬೇಡವೆಂದವರ ಉದಾಹರಣೆ ಶಿವಮೊಗ್ಗ ಜಿಲ್ಲೆಯವರಿಗೆ ಹತ್ತಿರದಲ್ಲೇ ಇದೆ. ಕೊನಗವಳ್ಳಿಯಲ್ಲಿ 1935ರಲ್ಲಿ ಹುಟ್ಟಿದ ಪಿ. ಲಂಕೇಶ್ 1980ರಲ್ಲಿ ಬೆಂಗಳೂರಿನಿಂದ 'ಲಂಕೇಶ್ ಪತ್ರಿಕೆ' ಆರಂಭಿಸಿದಾಗ ಜಾಹೀರಾತಿಗೆ ಜಾಗ ಕೊಡಲಿಲ್ಲ. ಓದುಗ ಅಂಗಡಿಯಲ್ಲಿ ಕೊಡುವ ಕಾಸಿನಿಂದಲೇ ಅದು ನಡೆಯಿತು. ಸರ್ಕಾರದ ಜಾಹೀರಾತೂ ಬೇಡ, ಉದ್ಯಮಿಗಳದ್ದೂ ಬೇಡ ಎಂದ ಮೇಲೆ ಮಂತ್ರಿಯನ್ನಾಗಲಿ ಶ್ರೀಮಂತರನ್ನಾಗಲಿ ಟೀಕಿಸುವಾಗ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ಆದರೆ ಈ ದಾರಿಯಲ್ಲೂ ಒಬ್ಬ ಧಣಿ ಇದ್ದಾನೆ, ಅವನೇ ಓದುಗ. ಜಾಹೀರಾತಿಲ್ಲದ ಪತ್ರಿಕೆ ಪ್ರತಿವಾರವೂ ಮಾರಾಟವಾಗಲೇಬೇಕು. ಜನ ಕೊಂಡು ಓದುವಂತೆ ಬರೆಯಲೇಬೇಕು. ಲಂಕೇಶರಂಥ ಬರಹಗಾರನಿಗೆ ಅದು ಸಾಧ್ಯವಾಯಿತು. ಸ್ವಾತಂತ್ರ್ಯ ಬಿಟ್ಟಿ ಸಿಗುವುದಿಲ್ಲ, ಅದಕ್ಕೆ ದುಡಿಮೆಯಲ್ಲಿ ಬೆಲೆ ತೆರಬೇಕು ಎಂಬುದನ್ನು ಮಗಳು ಗಮನಿಸಬೇಕು.

ಅದಕ್ಕೂ ಬಹಳ ಮೊದಲು ಗಾಂಧೀಜಿಗೆ ಇದೇ ಪ್ರಶ್ನೆ ಎದುರಾಗಿತ್ತು. ದಕ್ಷಿಣ ಆಫ್ರಿಕಾದಲ್ಲಿ 1903ರಲ್ಲಿ ಆರಂಭವಾದ 'ಇಂಡಿಯನ್ ಒಪಿನಿಯನ್' ಮೊದಲು ಜಾಹೀರಾತು ತೆಗೆದುಕೊಳ್ಳುತ್ತಿತ್ತು, ಆಮೇಲೆ ನಿಲ್ಲಿಸಿತು. ಕಾರಣವನ್ನು ಅವರು ದಕ್ಷಿಣ ಆಫ್ರಿಕಾದ ಸತ್ಯಾಗ್ರಹದ ಚರಿತ್ರೆಯಲ್ಲಿ ಬರೆದಿದ್ದಾರೆ. ಜಾಹೀರಾತು ತರುವುದಕ್ಕೆ, ಬಾಕಿ ವಸೂಲಿ ಮಾಡುವುದಕ್ಕೆ ಒಳ್ಳೆಯ ಕೆಲಸಗಾರರನ್ನೇ ಬಿಡಬೇಕಾಗುತ್ತಿತ್ತು. ಕೊಡುವವರನ್ನು ಓಲೈಸಬೇಕಾಗುತ್ತಿತ್ತು. ಯಾವುದನ್ನು ಹಾಕಬೇಕು, ಯಾವುದನ್ನು ಬಿಡಬೇಕು ಎಂಬುದೂ ತಲೆನೋವಾಗಿತ್ತು. ಆದರ್ಶದ ಮಾತು ಹಾಗಿರಲಿ, ಈ ವ್ಯವಹಾರದ ಮಾತು ಐದು ಜನ ವಿದ್ಯಾರ್ಥಿನಿಯರಿಗೆ ನೇರವಾಗಿ ಅನ್ವಯಿಸುತ್ತದೆ. ಪರೀಕ್ಷೆಯ ವರ್ಷದಲ್ಲಿ ಅವರ ಹತ್ತಿರ ಉಳಿಯುವ ಸಮಯವೇ ಸ್ವಲ್ಪ. ಅದನ್ನು ಪುಸ್ತಕ ಓದಲು ಕೊಡುತ್ತಾರೋ, ಜಾಹೀರಾತಿನ ಹಣಕ್ಕಾಗಿ ಕಚೇರಿಯ ಬೆಂಚಿನ ಮೇಲೆ ಕಾಯಲು ಕೊಡುತ್ತಾರೋ?

ಇನ್ನೊಂದು ಉದಾಹರಣೆ ಅಮೆರಿಕದ್ದು. ಹಳೆಯ ಪುಸ್ತಕದಂಗಡಿಗಳಲ್ಲಿ ಈಗಲೂ ರಾಶಿ ಬಿದ್ದಿರುವ 'ರೀಡರ್ಸ್ ಡೈಜೆಸ್ಟ್' 1922ರಲ್ಲಿ ಹುಟ್ಟಿತು. ಅಮೆರಿಕದ ಆವೃತ್ತಿಯಲ್ಲಿ ಮೂರು ದಶಕಗಳ ಕಾಲ ಜಾಹೀರಾತು ಇರಲಿಲ್ಲ. ಸಿಗರೇಟಿಗೂ ಕ್ಯಾನ್ಸರಿಗೂ ಇರುವ ನಂಟಿನ ಬಗ್ಗೆ 1952ರ ಡಿಸೆಂಬರಿನಲ್ಲಿ ಅದು ಒಂದು ಸಣ್ಣ ಲೇಖನ ಪ್ರಕಟಿಸಿತು. ದೇಶದಲ್ಲೆಲ್ಲ ದೊಡ್ಡ ಚರ್ಚೆಯಾಯಿತು. ಸಿಗರೇಟು ಕಂಪನಿಗಳ ಜಾಹೀರಾತಿನಿಂದ ಬದುಕುತ್ತಿದ್ದ ಪತ್ರಿಕೆಗಳಿಗೆ ಆ ಧೈರ್ಯ ಅಷ್ಟು ಸುಲಭವಾಗಿರಲಿಲ್ಲ. ಮುಂದೆ ಖರ್ಚು ಏರಿದಾಗ, ಬೆಲೆ ಹೆಚ್ಚಿಸಬೇಕೋ ಜಾಹೀರಾತು ತೆಗೆದುಕೊಳ್ಳಬೇಕೋ ಎಂದು ಡೈಜೆಸ್ಟ್ ಓದುಗರನ್ನೇ ಕೇಳಿತು. ಬಹುಪಾಲು ಜನ ಜಾಹೀರಾತೇ ಆಗಲಿ ಎಂದರು. 1955ರಿಂದ ಜಾಹೀರಾತು ಬಂತು, ಆದರೆ ಆಗ ಹೊಗೆಸೊಪ್ಪಿಗೂ ಮದ್ಯಕ್ಕೂ ಜಾಗವಿರಲಿಲ್ಲ.

ಇದರಿಂದ ನಾವು ಕಲಿಯಬಹುದಾದದ್ದು ಎರಡು. ಒಂದು, ಜಾಹೀರಾತುದಾರರಿಗೆ ಉತ್ತರ ಕೊಡುವ ಮೊದಲು ಓದುಗರನ್ನು ಕೇಳಬೇಕು. ಎರಡು, ಜಾಹೀರಾತು ಬೇಕೇ ಬೇಡವೇ ಎಂಬುದಕ್ಕಿಂತ ಯಾರ ಜಾಹೀರಾತು ಎಂಬ ಪ್ರಶ್ನೆ ದೊಡ್ಡದು.

ಯಾರ ಜಾಹೀರಾತಿನಿಂದ ಹೆಚ್ಚು ಅಪಾಯ? ಪುಸ್ತಕದ ಪತ್ರಿಕೆಗೆ ಹೋಟೆಲಿನವರದ್ದೋ ಸೈಕಲ್ ಅಂಗಡಿಯವರದ್ದೋ ಬಂದರೆ ಏನೋ ಹೊಂದುವುದಿಲ್ಲವಲ್ಲ ಎನಿಸುತ್ತದೆ. ಪ್ರಕಾಶಕರದ್ದು, ಗೈಡು ಮಾರುವವರದ್ದು, ಕೋಚಿಂಗಿನವರದ್ದು ಬಂದರೆ ವಿಷಯಕ್ಕೆ ತಕ್ಕದ್ದಾಗಿದೆ ಎನಿಸುತ್ತದೆ. ನಿಜ ಇದಕ್ಕೆ ತಿರುಗುಮುರುಗು. ಹೋಟೆಲಿನ ದೋಸೆಯ ಬಗ್ಗೆ ಈ ಹುಡುಗಿಯರು ಬರೆಯುವುದಿಲ್ಲ, ಆದ್ದರಿಂದ ಅವರ ದುಡ್ಡು ಲೇಖನಿಯನ್ನು ಮುಟ್ಟುವುದಿಲ್ಲ. ಆದರೆ ಗೈಡು ಬರೆದವರ ದುಡ್ಡು ತೆಗೆದುಕೊಂಡ ಮೇಲೆ, ಆ ಗೈಡಿನಲ್ಲಿ ತಪ್ಪುಗಳಿವೆ ಎಂದು ಬರೆಯಲು ಕೈ ಬರುವುದಿಲ್ಲ. ಯಾರೂ ಬಂದು ಹೆದರಿಸಬೇಕಾಗಿಲ್ಲ. ಮುಂದಿನ ತಿಂಗಳ ಜೆರಾಕ್ಸಿನ ದುಡ್ಡು ನೆನಪಾದರೆ ಸಾಕು, ವಾಕ್ಯ ತಾನಾಗಿಯೇ ಮೆತ್ತಗಾಗುತ್ತದೆ. ಪತ್ರಿಕೆ ಮೊದಲಿನಂತೆಯೇ ಕಾಣುತ್ತದೆ, ಬರೆಯುವವರಿಗೆ ಮಾತ್ರ ವ್ಯತ್ಯಾಸ ಗೊತ್ತಿರುತ್ತದೆ.

ಹೆಸರಿಲ್ಲದೆ ಹಿಂಬಾಗಿಲಿನಿಂದ ಬರುವ ಜಾಹೀರಾತೂ ಒಂದಿದೆ. ಪತ್ರಿಕೆಗೆ ಸ್ವಲ್ಪ ಹೆಸರು ಬಂದರೆ ಲೇಖಕರೂ ಪ್ರಕಾಶಕರೂ ಪುಸ್ತಕಗಳನ್ನು ಉಚಿತವಾಗಿ ಕಳಿಸತೊಡಗುತ್ತಾರೆ. ತಪ್ಪೇನಿಲ್ಲ. ಬಂದ ಪುಸ್ತಕಗಳ ಪಟ್ಟಿಯನ್ನು 'ಸಾದರ ಸ್ವೀಕಾರ' ಎಂದು ಪ್ರಕಟಿಸುವ ಒಳ್ಳೆಯ ಪದ್ಧತಿ ಕನ್ನಡ ಪತ್ರಿಕೆಗಳಲ್ಲಿದೆ. ಪುಸ್ತಕ ಬಂದಿದೆ ಎಂದು ತಿಳಿಸುವುದಷ್ಟೇ ಅದರ ಉದ್ದೇಶ, ಹೊಗಳುವ ಹೊಣೆ ಅದರಲ್ಲಿಲ್ಲ. ಈ ಹುಡುಗಿಯರೂ ಕೊಂಡ ಪುಸ್ತಕ ಯಾವುದು, ಗ್ರಂಥಾಲಯದ್ದು ಯಾವುದು, ಉಚಿತವಾಗಿ ಬಂದದ್ದು ಯಾವುದು ಎಂದು ವಿಮರ್ಶೆಯ ಕೆಳಗೆ ಒಂದು ಸಾಲು ಬರೆಯುವುದು ಒಳ್ಳೆಯದು.

ಪೋಷಕರು ತಿಳಿಯಬೇಕಾದ ಕಾನೂನಿನ ಎರಡು ಸಂಗತಿಗಳಿವೆ. 1872ರ ಭಾರತೀಯ ಒಪ್ಪಂದ ಕಾಯಿದೆಯ ಪ್ರಕಾರ 18 ವರ್ಷ ತುಂಬದವರು ಒಪ್ಪಂದ ಮಾಡಿಕೊಳ್ಳುವಂತಿಲ್ಲ. ಆದ್ದರಿಂದ ಜಾಹೀರಾತಿನ ಕರಾರಿಗೆ ಸಹಿ ಹಾಕಬೇಕಾದವರು ದೊಡ್ಡವರೇ, ಹೊಣೆಯೂ ಅವರದೇ. ಎರಡನೆಯದಾಗಿ, ಕೋಚಿಂಗ್ ಸಂಸ್ಥೆಗಳ ದಾರಿತಪ್ಪಿಸುವ ಜಾಹೀರಾತುಗಳನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ತೇರ್ಗಡೆಯಾದ ವಿದ್ಯಾರ್ಥಿಗಳ ಹೆಸರು, ಫೋಟೊಗಳನ್ನು ಅವರ ಒಪ್ಪಿಗೆಯಿಲ್ಲದೆ ಬಳಸುವಂತಿಲ್ಲ, ಅವರು ಯಾವ ಕೋರ್ಸು ಓದಿದ್ದರೆಂಬುದನ್ನು ಮುಚ್ಚಿಡುವಂತಿಲ್ಲ, ನೌಕರಿ ಖಾತ್ರಿ, ಸೀಟು ಖಾತ್ರಿ ಎಂಬಂಥ ಭರವಸೆ ಕೊಡುವಂತಿಲ್ಲ. ಇಷ್ಟೆಲ್ಲ ನಿಯಮ ಬೇಕಾಯಿತೆಂದರೆ ಆ ಜಾಹೀರಾತುಗಳು ಹೇಗಿದ್ದವೆಂದು ಊಹಿಸಬಹುದು. ಅವನ್ನು ಪರಿಶೀಲಿಸಿ ಹಾಕುವ ಕೆಲಸವನ್ನು 17 ವರ್ಷದ ಮಕ್ಕಳ ತಲೆಗೆ ಕಟ್ಟಬೇಕೇ?

ಹಾಗಾಗಿ ನನ್ನ ಉತ್ತರ ಇದು. ಈ ಜಾಹೀರಾತು ಬೇಡ. ಜಾಹೀರಾತು ಎಂಬ ಕಾರಣಕ್ಕಲ್ಲ, ಅದರ ಜೊತೆ ಬಂದ ಸಲಹೆಗಾಗಿ ಬೇಡ. ಪತ್ರಿಕೆಯನ್ನು ನಿಲ್ಲಿಸುವುದೂ ಬೇಡ. ಮುಂದಿನ ಸಂಚಿಕೆಗೆ 5 ರೂಪಾಯಿ ಬೆಲೆ ಇಡಲಿ. 200ರಲ್ಲಿ 160 ಜನ ಕೊಟ್ಟರೂ ಖರ್ಚು ಹುಟ್ಟುತ್ತದೆ. ಐದು ರೂಪಾಯಿ ಕೊಡಲು ಎಷ್ಟು ಜನ ಮುಂದೆ ಬರುತ್ತಾರೆಂಬುದೇ ಪತ್ರಿಕೆಯ ಬಗ್ಗೆ ಓದುಗರ ನಿಜವಾದ ಅಭಿಪ್ರಾಯ. 100 ಜನ ಮಾತ್ರ ಕೊಂಡರೆ 100 ಪ್ರತಿ ಮಾಡಿಸಿದರಾಯಿತು. ಆಗಲೂ ಕೊರತೆ ಬಿದ್ದರೆ, ತಾವು ಎಂದೂ ಬರೆಯದ ಸರಕು ಮಾರುವ ಎರಡು ಮೂರು ಅಂಗಡಿಗಳಿಂದ ನೂರು ಇನ್ನೂರು ರೂಪಾಯಿಯಂತೆ ತೆಗೆದುಕೊಳ್ಳಲಿ. ಒಬ್ಬರೇ ಪೂರ್ತಿ ಕೊಡುವುದಕ್ಕಿಂತ ಹಲವರು ಸ್ವಲ್ಪ ಸ್ವಲ್ಪ ಕೊಡುವುದು ಮೇಲು. ಒಬ್ಬರು ಮುನಿಸಿಕೊಂಡು ನಿಲ್ಲಿಸಿದರೂ ಪತ್ರಿಕೆ ನಿಲ್ಲುವುದಿಲ್ಲ.

ತಂದೆಯವರಿಗೂ ಒಂದು ಮಾತು. ಪತ್ರವನ್ನು ಎರಡು ಸಲ ಓದಿದ ಮೇಲೆ, ನಿಮ್ಮ ಚಿಂತೆ 2,000 ರೂಪಾಯಿಯದಲ್ಲ ಎಂದು ನನಗೆ ಅನ್ನಿಸಿತು. ಪಿಯುಸಿಯ ವರ್ಷದಲ್ಲಿ ಮಗಳು ಕತೆ ಪುಸ್ತಕದ ಹಿಂದೆ ಬಿದ್ದಿದ್ದಾಳೆ, ದುಡ್ಡಾದರೂ ಬಂದರೆ ಅದಕ್ಕೊಂದು ಅರ್ಥ ಬರುತ್ತದೆ ಎಂಬುದು ನಿಮ್ಮ ಮನಸ್ಸಿನಲ್ಲಿರಬಹುದು. ಇಷ್ಟು ವರ್ಷ ದುಡಿದ ಕಾರ್ಖಾನೆ ಕಣ್ಣೆದುರೇ ನಿಂತದ್ದನ್ನು ಕಂಡವರಿಗೆ ಈ ಭಯ ಸಹಜ, ಅದನ್ನು ಹಗುರವಾಗಿ ಕಾಣಲಾರೆ. ಆದರೆ ಓದಿನ ಸಮಯದ ಪ್ರಶ್ನೆಯನ್ನು ಓದಿನ ಸಮಯದ ಪ್ರಶ್ನೆಯಾಗಿಯೇ ಮಗಳೊಡನೆ ಮಾತನಾಡಿ. ಪರೀಕ್ಷೆಗೆ ಮುಂಚಿನ ಎರಡು ತಿಂಗಳು ಪತ್ರಿಕೆಗೆ ರಜೆ ಎಂದು ಒಪ್ಪಿಸಿ. ದುಡ್ಡು ಬಂದರೆ ಮಾತ್ರ ಹವ್ಯಾಸಕ್ಕೆ ಮರ್ಯಾದೆ ಎಂದು ಈಗಲೇ ಕಲಿಸಿದರೆ, ದುಡ್ಡು ನಿಂತ ದಿನ ಅವಳು ಓದುವುದನ್ನೂ ನಿಲ್ಲಿಸುತ್ತಾಳೆ.

ಮಗಳು ಮಾಡಬೇಕಾದ ಕೆಲಸವೊಂದು ಉಳಿದಿದೆ. ಕೋಚಿಂಗ್ ಸೆಂಟರಿನವರಿಗೆ ಉತ್ತರ ಅವಳೇ ಬರೆಯಲಿ. ಮೂರು ಸಾಲು ಸಾಕು: ಕೇಳಿದ್ದಕ್ಕೆ ವಂದನೆ, ನಾವು ಬರೆಯುವ ವಿಷಯಕ್ಕೆ ಸಂಬಂಧಪಟ್ಟವರ ಜಾಹೀರಾತು ತೆಗೆದುಕೊಳ್ಳುವುದಿಲ್ಲ, ನಿಮ್ಮಲ್ಲಿ ಓದುವವರಿಗೆ ಪತ್ರಿಕೆ ಬೇಕಾದರೆ ಬೆಲೆ 5 ರೂಪಾಯಿ.